ಕಂಚಿನ ಜೇಕು

ಫೆಬ್ರವರಿ 9

ಬೆಳಿಗ್ಗೆಯಿಂದ ನರ್ಸರಿ ಶೆಡ್ಡಿನಲ್ಲೇ. ಅಕ್ಕ ಜೇಕಿನ ಬುಡ ಸೀಳಿ ಕೊಟ್ಟಳು, ನಾನು ಕುಂಡಕ್ಕೆ ನೆಟ್ಟೆ. ಅವಳಿಗೆ ಕಣ್ಣು ಮಂಜು. ಆದರೂ ಕಡ್ಡಿಯನ್ನು ಬೆರಳಲ್ಲಿ ಹೊರಳಿಸಿಯೇ ಹೇಳುತ್ತಾಳೆ— “ಮೂರು ಮೂಲೆ ಸಿಕ್ರೆ ಜೇಕು, ಗುಂಡಗಿದ್ರೆ ಹುಲ್ಲು.” ಪಕ್ಕದಂಗಡಿ ಟೈಲರ್ ಇಣುಕಿದ. “ಊರವರೆಲ್ಲ ಕಿತ್ತೆಸೆಯೋ ಕಳೇನ ನೀವು ಕುಂಡದಲ್ಲಿಟ್ಟು ಮಾರ್ತೀರಲ್ಲಮ್ಮಾ!” ಅಕ್ಕ ಬಿಡುತ್ತಾಳೆಯೇ? “ನೀನು ಚಿಂದಿ ಸೇರಿಸಿ ಹೊಲಿದು ಮಾರಲ್ವೇನಪ್ಪಾ?”

ಫೆಬ್ರವರಿ 16

ಗ್ರಂಥಾಲಯದ ಬಾಗಿಲಲ್ಲಿರುವ ಹನ್ನೆರಡು ಕುಂಡಗಳು ಅಕ್ಕನವು; ನೀರು ಹಾಕುವುದೂ ಅವಳೇ. ಕಂಚಿನ ಬಣ್ಣದ ಜೇಕು. ಬದುಕಿದ್ದಾಗಲೂ ಒಣಗಿದ ಹಾಗೇ ಕಾಣುತ್ತದೆ. ಒಂದೇ ಸಸಿಯಿಂದ ನಾಲ್ಕು ವರ್ಷದಲ್ಲಿ ಹನ್ನೆರಡು ಮಾಡಿದ್ದಳು. ಇವತ್ತು ನಾನು ಅಲ್ಲಿಗೆ ಹೊರಡುವಾಗ ಹೇಳಿದ್ದಳು— “ಕತ್ತರಿ ಹಾಕ್ಬೇಡ್ವೇ. ಬೆರಳಲ್ಲಿ ಬಾಚು. ಒಣಗಿದ್ದು ತಾನಾಗೇ ಬರುತ್ತೆ.”

ಗ್ರಂಥಾಲಯದ ಅಂಗಳದಂಚಿನ ಎತ್ತರದ ಹುಲ್ಲನ್ನು ವರ್ಷವರ್ಷವೂ ಬುಡಕ್ಕೆ ಕತ್ತರಿಸುತ್ತೇವೆ. ಕೈ ಓಡುತ್ತಿತ್ತು. ಅದೇ ಓಟದಲ್ಲಿ ಕುಂಡಗಳಿಗೂ... ಬೇಗ ಮುಗಿಸಿ ಮನೆಗೆ ಹೋಗುವ ಆತುರ. ಕೊನೆಯದರ ಬುಡದಲ್ಲಿ ಬೆಳ್ಳನೆ ಹಸಿ ಕಂಡಿತು, ಜೀವ ಇತ್ತು. ಅಷ್ಟರಲ್ಲಿ ಹನ್ನೆರಡೂ ಬೋಳು.

ಅಕ್ಕನಿಗೆ ಹೇಳಿಲ್ಲ. ಚಿಗುರಿದರೆ ಹೇಳಬೇಕಾಗಿಯೇ ಬರುವುದಿಲ್ಲ.

ಮಾರ್ಚ್ 20

ಒಂದೂ ಚಿಗುರಲಿಲ್ಲ. ಅವಳು ಮುಟ್ಟಿ ನೋಡುವ ಮೊದಲೇ ಎಲ್ಲವನ್ನೂ ಗೊಬ್ಬರದ ಗುಂಡಿಗೆ ಸುರಿದೆ. ಕುಂಡ ಖಾಲಿ ಎಂದು ಗ್ರಂಥಾಲಯದವರು ಅವಳಿಗೇ ಫೋನ್ ಮಾಡಿದ್ದಾರೆ.

“ಏನಾಯ್ತೇ?”

“ಬುಡ ಕೊಳೆತಿತ್ತು ಅಕ್ಕ. ನೀನು ನೀರು ಜಾಸ್ತಿ ಹಾಕಿದೀಯ. ಕಂಡಿರಲ್ಲ, ಬಿಡು.”

ಕಂಡಿರಲ್ಲ, ಬಿಡು. ನನ್ನದೇ ಬಾಯಿ. ಅವಳು “ಇರಬಹುದು” ಎಂದಳು. ವಾದ ಮಾಡಿದ್ದರೆ ಎಷ್ಟೋ ಚೆನ್ನಾಗಿತ್ತು.

ಏಪ್ರಿಲ್ 2

ಅಕ್ಕ ನೀರಿನ ಕ್ಯಾನ್ ಮುಟ್ಟುತ್ತಿಲ್ಲ. ಬುಡ ಸೀಳಲು ಕೊಟ್ಟರೆ ಹಿಂದಕ್ಕೆ ಸರಿಸಿದಳು. “ನೀನೇ ಮಾಡಮ್ಮಾ. ನನ್ನ ಕೈಯಲ್ಲಿ ಇನ್ನೊಂದು ಸಾಯೋದು ಬೇಡ.” ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದಳು. ಟೈಲರ್ ಏನೋ ತಮಾಷೆ ಮಾಡಿದ. ಅವಳು ನಗಲಿಲ್ಲ.

ಬಿಸಿತುಪ್ಪ. ನುಂಗಲಾರೆ, ಉಗುಳಲಾರೆ. ನಾಳೆ ಹೇಳುತ್ತೇನೆ.

ಮೇ 11

ಹೇಳಲಿಲ್ಲ. ಅಕ್ಕ ಇವತ್ತು ಮಗಳ ಮನೆಗೆ ಹೋದಳು. ಇನ್ನು ಅಲ್ಲೇ ಇರುತ್ತಾಳಂತೆ. ಬುಡ ಸೀಳುವ ಚಾಕುವನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗಿಟ್ಟಳು. ಬಸ್ ಹೊರಡುವವರೆಗೂ ಬಾಯಿ ತೆರೆಯಬಹುದಿತ್ತು. “ನೀರಿನ ಬಾಟ್ಲಿ ತಗೊಂಡ್ಯಾ?” ಅಂತ ಕೇಳಿದೆ. ನನ್ನಂಥ ಹೇಡಿ ಇಲ್ಲ.

ಆಗಸ್ಟ್ 30, ಸಂಜೆ

ಶೆಡ್ಡಿನಲ್ಲಿ ಒಬ್ಬಳೇ. ಇನ್ನು ತಡೆಯಲಾಗಲಿಲ್ಲ. ಫೋನ್ ಮಾಡಿ ಒಂದೇ ಉಸಿರಿಗೆ ಹೇಳಿಬಿಟ್ಟೆ. “ಆ ಕುಂಡಗಳನ್ನ ಕೊಂದಿದ್ದು ನಾನು ಅಕ್ಕ. ಕತ್ತರಿ ಹಾಕ್ಬಿಟ್ಟೆ. ನಿನ್ನ ನೀರು ಸರಿಯಾಗೇ ಇತ್ತು.”

ಬೈಯಲಿ ಎಂದು ಕಾದೆ. ಬೈಯಲಿಲ್ಲ.

“ಮೊನ್ನೆ ಮಗಳು ಒಂದು ಕುಂಡ ತಂದಿಟ್ಳು ಕಣೇ. ಜೇಕೇ. ಕಡ್ಡಿ ಮುಟ್ಟಿ ನೋಡಿದೆ. ವಾಪಸ್ ಕೊಟ್ಬಿಡಮ್ಮ, ನನ್ನ ಕೈ ಒಳ್ಳೇದಲ್ಲ ಅಂದೆ... ಹಾಗಾದ್ರೆ ನನ್ನ ಕೈ—”

ಫೋನ್ ಇಟ್ಟಿರಲಿಲ್ಲ, ಉಸಿರು ಕೇಳುತ್ತಿತ್ತು. ಅಕ್ಕಾ ಅಂದೆ. ಮತ್ತೆ ಅಂದೆ. ಆಮೇಲೆ ನಾನು “ನಿನ್ನ ಕೈ ಒಳ್ಳೇದೇ ಅಕ್ಕ, ಆ ಕುಂಡ ಮತ್ತೆ ತರಿಸ್ಕೋ” ಅಂದೆ.