ಎರಡನೇ ಬ್ಯಾಚಿನ ರಕ್ತ

ಮಾರ್ಚ್ 3, ಬೆಳಗ್ಗೆ 6.20
ಔಷಧ ಪರೀಕ್ಷೆಯ ಎರಡನೇ ಬ್ಯಾಚು: ಹನ್ನೆರಡು ವಾಲಂಟಿಯರ್‌ಗಳು, ಖಾಲಿ ಹೊಟ್ಟೆ. ಎರಡೂ ಮಾತ್ರೆ ಒಟ್ಟಿಗೆ ನುಂಗಿಸಿದ್ದಾಯಿತು — ಕಿಡ್ನಿ ಕಸಿ ಆದವರದ್ದೊಂದು, ಫಂಗಸ್‌ನದ್ದೊಂದು. ಫಂಗಸ್ ಮಾತ್ರೆಯಿಂದ ರಕ್ತದಲ್ಲಿ ಕಿಡ್ನಿ ಮಾತ್ರೆಯ ಮಟ್ಟ ಏರುತ್ತದೆಯೇ ಎಂದು ನೋಡಲು ಇನ್ನು ಗಂಟೆಗೊಮ್ಮೆ ರಕ್ತ ತೆಗೆಯಬೇಕು. ಅಕ್ಕನಿಗೆ ಈಗ ಈ ಎರಡೂ ಬೇಕು. ಅವಳೊಳಗಿರುವುದು ನನ್ನ ಕಿಡ್ನಿ.

ಮಾರ್ಚ್ 7
ಮೊದಲ ಬ್ಯಾಚಿನಲ್ಲಿ ಕಿಡ್ನಿ ಮಾತ್ರೆಯ ಮಟ್ಟ ಮೂರು ಪಟ್ಟು ಏರಿತ್ತು. ಈ ಬ್ಯಾಚಿನಲ್ಲಿ ಏರಲೇ ಇಲ್ಲ! ಅದೇ ಮಾತ್ರೆ, ಅದೇ ಮಿಷನ್. ಹೊರಗಿನವರ ಸಂಶೋಧನಾ ಪೇಪರ್‌ಗಳೂ ಅಷ್ಟೇ — ಎತ್ತು ಏರಿಗೆ, ಕೋಣ ನೀರಿಗೆ. ಮಟ್ಟ ಏರಿದರೆ ಅದೇ ಮಾತ್ರೆ ಕಿಡ್ನಿಗೆ ವಿಷ. ಇಳಿದರೆ ದೇಹ ಕಿಡ್ನಿಯನ್ನೇ ಒಲ್ಲೆ ಎನ್ನುತ್ತದೆ.
ಅಕ್ಕನ ಫೋನು. "ಫಂಗಸ್ ಮಾತ್ರೆ ಮುಗಿಯೋವರೆಗೂ ಕಿಡ್ನಿ ಮಾತ್ರೆ ಡೋಸ್ ಅರ್ಧ ಮಾಡು ಅಂತಾರೆ ಡಾಕ್ಟರು ಕಣೇ. ನಿನ್ನ ಕಿಡ್ನಿ ಮುನಿಸ್ಕೊಂಡ್ರೆ?"
"ಪೂರ್ತಿನೇ ತಗೋ. ಏನೂ ಏರಲ್ಲ, ನಾನೇ ನೋಡಿದೀನಿ."
ಅಂದುಬಿಟ್ಟೆ. ಈ ಕಿಡ್ನಿ ಹೋದರೆ ಕೊಡಲು ನನ್ನ ಹತ್ತಿರ ಇನ್ನೊಂದಿಲ್ಲ.

ಮಾರ್ಚ್ 15
ಅಕ್ಕನ ಕೈ ನಡುಗುತ್ತಿದೆಯಂತೆ. "ಲೋಟ ಹಿಡಿಯೋಕಾಗ್ತಿಲ್ಲ, ಮುದುಕಿ ಆದೆ ನೋಡು," ಎಂದು ನಕ್ಕಳು. ಮಟ್ಟ ಏರಿದರೆ ಮೊದಲು ನಡುಗುವುದೇ ಕೈ. ಆದರೆ ಈ ಬ್ಯಾಚಿನಲ್ಲಿ ಏರಿರಲಿಲ್ಲವಲ್ಲ?

ಮಾರ್ಚ್ 16, ಬೆಳಗ್ಗೆ 11
ಮೂರನೇ ತಾರೀಖು ಬೆಳಗ್ಗೆ ವಾಲಂಟಿಯರ್‌ಗಳಿಗೆ ಬೇರೆ ಏನಾದರೂ ಕೊಟ್ಟಿರಾ ಎಂದು ವಾರ್ಡಿನ ಆಯಾಳನ್ನು ಕೇಳಿದೆ.
"ಪಾಪ, ಹಸ್ಕೊಂಡು ಎದೆ ಉರಿ ಎದೆ ಉರಿ ಅಂತಿದ್ರು ಮೇಡಂ. ನನ್ನ ಗ್ಯಾಸಿನ ಔಷಧಿನೇ ಎರಡೆರಡು ಚಮಚ ಕೊಟ್ಟೆ. ತಪ್ಪಾಯ್ತಾ?"
ಗ್ಯಾಸಿನ ಔಷಧಿ ಹೊಟ್ಟೆಯ ಆಮ್ಲವನ್ನೇ ಅಡಗಿಸುತ್ತದೆ. ಆಮ್ಲವಿಲ್ಲದಿದ್ದರೆ ಫಂಗಸ್ ಮಾತ್ರೆ ರಕ್ತಕ್ಕೆ ಸೇರುವುದೇ ಇಲ್ಲ. ಅದು ಸೇರದೆ ಕಿಡ್ನಿ ಮಾತ್ರೆಯ ಮಟ್ಟ ಏರುವುದೆಲ್ಲಿಂದ? ಮೊದಲ ಬ್ಯಾಚೇ ಸರಿ. ಅಕ್ಕ ಗ್ಯಾಸಿನ ಔಷಧಿ ಮುಟ್ಟುವವಳಲ್ಲ, ಅವಳಲ್ಲಿ ಮಟ್ಟ ಏರಿಯೇ ಇರುತ್ತದೆ... ಅಯ್ಯೋ ದೇವರೇ, ಒಂಬತ್ತು ದಿನ!
ಆಯಾಳನ್ನು ಬೈಯಲು ಬಾಯಿ ಬರಲಿಲ್ಲ. ಅವಳು ಯಾರಿಗೂ ಭರವಸೆ ಕೊಟ್ಟಿರಲಿಲ್ಲ.

11.25
ಭಾವ ಫೋನ್ ಎತ್ತಿದರು. "ಆಸ್ಪತ್ರೆಲಿದ್ದೀವಿ. ಬೆಳಗ್ಗೆಯಿಂದ ಮೂತ್ರನೇ ಹೋಗಿಲ್ಲ. ಎಷ್ಟು ಡೋಸ್ ತಗೊಂಡ್ರಿ ಅಂತ ಡಾಕ್ಟರು ಕೇಳಿದ್ರೆ ಇವಳು ಅರ್ಧ ಅಂತಾಳೆ. ನಿನ್ನ ಹೆಸರು ಬರಬಾರ್ದಂತೆ, ಕೆಲಸ ಹೋಗುತ್ತಂತೆ."
"ಡಾಕ್ಟರ ಕೈಗೆ ಫೋನ್ ಕೊಡಿ ಭಾವ!"
ಕರೆಯಲು ಹೋಗಿದ್ದಾರೆ. ಫೋನು ಕಿವಿಗಿಟ್ಟುಕೊಂಡೇ ಬರೆಯುತ್ತಿದ್ದೇನೆ, ಹೇಳುವಾಗ ನಾಲಿಗೆ ಹೊರಳದಿದ್ದರೆ ಎಂಬ ಭಯ. ಪೂರ್ತಿ ಡೋಸು. ಒಂಬತ್ತು ದಿನ. ಹೇಳಿದ್ದು ನಾನು. ಹೆಜ್ಜೆ ಸಪ್ಪಳ... ಹಲೋ ಎಂದರು. ಡಾಕ್ಟ್ರೇ, ಅವಳು ಹೇಳಿದ್ದು ಸುಳ್ಳು —