ತಿರುಗಿ ನೋಡದ ಓಟ

ಬಾಗೂರು, ಮಂಗಳವಾರ

ಕೋಚ್ ನಟರಾಜು ಸರ್ ಅವರಿಗೆ ನಿಖಿತಾಳ ನಮಸ್ಕಾರ.

ಗಮನ ಚದುರದಿರಲೆಂದು ನೀವು ಹೇಳಿದಂತೆ, ನಾನು ಕೆರೆ ಏರಿಯ ಮೇಲೆ ಓಡುವಾಗ ಅವ್ವ ಸ್ಟಾಪ್‌ವಾಚ್ ಹಿಡಿದು ಹಿಂದಿನಿಂದ ನನ್ನ ಹೆಸರು ಕೂಗುತ್ತಿದ್ದಳು. ತಿರುಗಿದರೆ ಮತ್ತೆ ಮೊದಲಿಂದ ಓಡಬೇಕಿತ್ತು.

ಇವತ್ತು ಕಿರುಚಿಯೇ ಕರೆದಳು. ನಾನು ತಿರುಗಲಿಲ್ಲ. ಕೊನೆಯ ಆಲದ ಮರ ಮುಟ್ಟಿ ನೋಡಿದರೆ ಏರಿಯ ಮೇಲೆ ಅವ್ವ ಇಲ್ಲ. ಕೆಳಗೆ ಕಲ್ಲುಗಳ ಮೇಲೆ ಬಿದ್ದಿದ್ದಳು, ಕಾಲು ಮುರಿದಿತ್ತು. ನಾನು ಏರಿ ಇಳಿದು ಅವಳ ಹತ್ತಿರ ಓಡಿದೆ.

"ಒಂದ್ಸಲಾನೂ ತಿರುಗ್ನಿಲ್ಲ ಕಣವ್ವ, ಗೆದ್ಬುಟ್ಟೆ," ಎಂದು ಅವ್ವ ವಾಚು ತೋರಿಸಿದಳು. ಬಿದ್ದಲ್ಲಿಂದಲೇ ನನ್ನನ್ನು ನೋಡುತ್ತಾ, ನಾನು ಮರ ಮುಟ್ಟಿದಾಗ ಸರಿಯಾಗಿ ಒತ್ತಿದ್ದಾಳೆ. ಇಷ್ಟು ಜೋರಾಗಿ ನಾನು ಯಾವತ್ತೂ ಓಡಿಲ್ಲ.

ಸರ್, ಉಳಿದ ಹುಡುಗಿಯರಿಗೆ ಬೇರೆ ಯಾರಾದರೂ ಕೂಗಲಿ. ಅವ್ವಂದಿರು ಬೇಡ.

ಇಂತಿ,
ನಿಖಿತಾ