ಮಣ್ಣಿಗಿಟ್ಟ ಪತ್ರಿಕೆ

ನ್ಯೂಯಾರ್ಕ್, 1904

ನೂರಿಪ್ಪತ್ತು ವರ್ಷ ಬಾಳಬೇಕಾದ ಅಪ್ಪನಿಗೆ,

ದೇವರೂ ಬೇಡ, ಧಣಿಯೂ ಬೇಡ ಎಂದು ನಾನು ನಮ್ಮ ಯೆಹೂದಿ ಆಡುಮಾತು ಯಿದ್ದಿಷ್‌ನಲ್ಲಿ, ಧರ್ಮಗ್ರಂಥ ತೋರಾದ ಲಿಪಿಯಲ್ಲೇ, ಪತ್ರಿಕೆ ನಡೆಸತೊಡಗಿದಾಗ, "ತೋರಾದ ಅಕ್ಷರಗಳನ್ನು ಹೊಲಸು ಮಾಡಿದೆ" ಎಂದು ನೀವು ಮಾತು ಬಿಟ್ಟಿರಿ.

ನಿನ್ನೆ ಮೀನು ಮಾರುವ ಝ್ಲಾಟಾ ಅಜ್ಜಿ ನಮ್ಮ ಹಳೆಯ ಸಂಚಿಕೆಗಳನ್ನು ಶಾಲಿನಲ್ಲಿ ಕಟ್ಟಿಕೊಂಡು ಹೊರಟಿದ್ದಳು.

"ಮೀನು ಸುತ್ತೋಕಾ, ಅಜ್ಜೀ?" ಅಂದೆ.

"ಥೂ ಪಾಪಿ! ನೀನು ದೇವರನ್ನ ಬೈದರೆ ಅದು ಅಕ್ಷರದ ತಪ್ಪೇನೋ? ದೇವರ ಅಕ್ಷರ ಕಸಕ್ಕೆ ಹಾಕಬಾರದು; ಹರಿದ ಪ್ರಾರ್ಥನೆ ಪುಸ್ತಕಗಳ ಜೊತೆ ಇವನ್ನೂ ಮಣ್ಣು ಮಾಡ್ತೀವಿ, ಬಾ!"

ಸ್ಮಶಾನದಲ್ಲಿ ಅವಳು ನನ್ನ ಬೈಗುಳಗಳನ್ನೆಲ್ಲ ಮಗು ಮಲಗಿಸುವಂತೆ ಗುಂಡಿಗೆ ಇಳಿಸಿದಳು. ಬರಿದಲೆಯಲ್ಲೇ ತಿರುಗುವ ನಾನು, ಅಪ್ಪಾ, ನೀವು ಪ್ರಾರ್ಥನೆಗೆ ಇಡುವಂತೆ ತಲೆಗೆ ಟೋಪಿ ಇಟ್ಟುಕೊಂಡೆ.

ನಮ್ಮ ಅಚ್ಚುಮೊಳೆಗಳು ಸವೆದಿವೆ. ತೋರಾದ ಪ್ರತಿ ಬರೆಯುವ ನಿಮ್ಮ ಕೈಯಿಂದ ಅಕ್ಷರಗಳನ್ನಷ್ಟೇ ಬರೆದು ಕಳಿಸಿ. ಅವುಗಳಂತೆಯೇ ಹೊಸ ಮೊಳೆ ಎರಕ ಹೊಯ್ಯಿಸುತ್ತೇನೆ. ನನಗೆಂದು ಒಂದು ಮಾತೂ ಬರೆಯಬೇಕಿಲ್ಲ.

ನಿಮ್ಮ ಮಗ,
ಫೈವೆಲ್